ಸಹಾಯ ಬೇಕು: ಬಿದ್ದ ದಾಳ ಮತ್ತೆ ಉರುಳಿಬಿಡುತ್ತೆ, ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ಮಕ್ಕಳ ಜೊತೆ ಹಾವು ಏಣಿ ಆಡೋಕೆ ಅಂತ ದಾಳ ಉರುಳಿಸುವ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಕೊಂಡಿದ್ದೇನೆ. ನೋಡೋಕೆ ನಿಜವಾದ ದಾಳವೇ: ಸ್ಕ್ರೀನಿನ ಅಂಚಿಗೆ ಬಡಿದು ಪುಟಿಯುತ್ತೆ, ನೆರಳೂ ಜೊತೆಗೇ ಓಡುತ್ತೆ, ಎದುರುಬದುರು ಮುಖಗಳ ಚುಕ್ಕೆ ಕೂಡಿದರೆ ಸರಿಯಾಗಿ 7.

ತೊಂದರೆ ಏನಂದ್ರೆ, ಮೊಬೈಲ್ ಅಲುಗಿಸಿ ಉರುಳಿಸಿದ ಮೇಲೆ ಪಕ್ಕದವರ ಕೈಗೆ ಕೊಟ್ಟರೆ ಸಾಕು, ದಾಳ ಮತ್ತೆ ಉರುಳಿಬಿಡುತ್ತೆ. ಮೊದಲು ಬಿದ್ದ ಸಂಖ್ಯೆ ಎಲ್ಲೂ ಉಳಿಯಲ್ಲ. ನಿನ್ನೆ ಮಗಳು "ನನಗೆ 6 ಬಿದ್ದಿತ್ತಮ್ಮಾ" ಅಂತ ಅತ್ತೇಬಿಟ್ಟಳು, ನನಗೂ ಸಂಕಟವಾಯಿತು. ಸೆನ್ಸರ್‌ನ ಸೂಕ್ಷ್ಮತೆ ಕಡಿಮೆ ಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿ ಕಾಣಲಿಲ್ಲ. ಸ್ಕ್ರೀನ್ ತಿರುಗದ ಹಾಗೆ ಲಾಕ್ ಮಾಡಿದರೂ ಉಪಯೋಗವಾಗಲಿಲ್ಲ.

ಜೋರಾಗಿ ಅಲುಗಿಸಿದರೆ ದೊಡ್ಡ ಸಂಖ್ಯೆ ಬರುತ್ತೆ ಅಂತ ಮಗನ ವಾದ. 60 ಸಲ ಉರುಳಿಸಿ ಬರೆದಿಟ್ಟೆ, 6 ಬಿದ್ದಿದ್ದು 13 ಸಲ. ಲೆಕ್ಕದ ಪ್ರಕಾರ 10ರ ಆಸುಪಾಸು ಬರಬೇಕು, ಹಾಗಾಗಿ ಇಷ್ಟು ಏರುಪೇರು ಸಹಜ ಅಂತಲೇ ನನ್ನ ಅನಿಸಿಕೆ. ಆದರೂ ಕೇಳ್ತೀನಿ: ಸಂಖ್ಯೆ ಮೊದಲೇ ನಿರ್ಧಾರವಾಗಿ ದಾಳ ಬರೀ ತೋರಿಕೆಗೆ ಉರುಳುತ್ತಾ, ಇಲ್ಲಾ ಉರುಳಿದ ರೀತಿಯಿಂದಲೇ ಸಂಖ್ಯೆ ಬರುತ್ತಾ?

ನಾವು ಮತ್ತೆ ಮುಟ್ಟುವ ತನಕ ಸಂಖ್ಯೆಯನ್ನು ಹಿಡಿದಿಡುವ, ಹಿಂದಿನ ಎಸೆತಗಳನ್ನೂ ತೋರಿಸುವ ಆ್ಯಪ್ ಬಳಸ್ತಿರೋರು ದಯವಿಟ್ಟು ತಿಳಿಸಿ.