40 ಕಿ.ಮೀ. ಸವಾರಿಗೆ ಕುದುರೆಗೆ ಎಲೆಕ್ಟ್ರೋಲೈಟ್: ಎಷ್ಟು, ಯಾವಾಗ?

ಕೆಲಗೇರಿ ಸವಾರ (ಧಾರವಾಡ):
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಮಾರವಾಡಿ ಹೆಣ್ಣುಕುದುರೆ ಇದೆ. ಎದೆ ಸುತ್ತಳತೆ 165 ಸೆಂ.ಮೀ., ಉದ್ದ 155. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ತೂಕ 355 ಕೆಜಿ ಬರುತ್ತದೆ. ಬೇಸಿಗೆ ಶುರುವಾಗುವ ಹೊತ್ತಿಗೆ 40 ಕಿ.ಮೀ. ಎಂಡ್ಯೂರೆನ್ಸ್ (ದೂರದ ಓಟದ) ಸವಾರಿಗೆ ಇಳಿಸಬೇಕು ಅಂತಿದ್ದೇನೆ. ತೊಂದರೆ ಏನಂದ್ರೆ, ಓಡಿ ಬಂದಾಗ ಜೀನಿನ ಅಡಿಯಿಂದ ಬೆವರು ಬಿಳಿ ನೊರೆಯಾಗಿ ಇಳಿಯುತ್ತಿರುತ್ತದೆ, ಆದರೆ ಬಕೆಟ್ ಮುಂದಿಟ್ಟರೆ ಮೂತಿ ಅದ್ದಿ, ತುಟಿ ಆಡಿಸಿ, ತಲೆ ಎತ್ತಿಬಿಡುತ್ತಾಳೆ. ಬಾಯಾರಿಕೆ ಇಲ್ಲ ಅಂತ ಸುಮ್ನೆ ಬಿಡಬೇಕಾ? ಎಲೆಕ್ಟ್ರೋಲೈಟ್, ಅಂದ್ರೆ ಬೆವರಿನಲ್ಲಿ ಹೋಗುವ ಲವಣಗಳ ಪುಡಿ, ಪೇಸ್ಟ್ ಕೊಳ್ಳಬೇಕಾ, ಇಲ್ಲಾ ಮೆಡಿಕಲ್ ಶಾಪಿನ ಓಆರ್‌ಎಸ್ ಕೊಟ್ಟರೆ ನಡೆಯುತ್ತಾ?

ಟಾಂಗಾ ಮನೆತನ (ಹುಬ್ಬಳ್ಳಿ):
ನಮ್ಮ ಅಜ್ಜ ಹುಬ್ಬಳ್ಳಿ ಸ್ಟೇಷನ್ ಮುಂದೆ ಟಾಂಗಾ ಹೊಡೀತಿದ್ರು. ಸಂಜೆ ಮನೆಗೆ ಬಂದಮೇಲೆ ಹುರುಳಿ ಕಟ್ಟಿಗೆ ಕಲ್ಲುಪ್ಪು ಹಾಕಿ ಇಡುತ್ತಿದ್ದರು. ಕುದುರೆ ಸೊರಸೊರ ಎಳೆದು ಪಾತ್ರೆ ನೆಕ್ಕುತ್ತಿತ್ತು. ಪುಡಿ, ಪೇಸ್ಟ್ ಅಂತ ಯಾಕೆ ದುಡ್ಡು ಸುರೀತೀರಿ?

ಓಟಗಾರ (ಹುಬ್ಬಳ್ಳಿ):
ನಾನು ಮ್ಯಾರಥಾನ್ ಓಡುತ್ತೇನೆ. ಓಆರ್‌ಎಸ್ ಹತ್ತು ಪ್ಯಾಕೆಟ್, ಲಿಂಬೆಹಣ್ಣು, ಒಂದಿಷ್ಟು ಅಡುಗೆ ಸೋಡಾ. ಸ್ನಾಯು ಹಿಡಿಯೋದಿಲ್ಲ. ಕುದುರೆಗೂ ಅದೇ ಅಲ್ವಾ?

ದನದ ಡಾಕ್ಟ್ರು (ಗದಗ):
ಅದೇ ಅಲ್ಲ. ಅದಕ್ಕೇ ಬರೆಯಲು ಕೂತೆ.

ಮನುಷ್ಯನ ಬೆವರಿನಲ್ಲಿ ಉಪ್ಪು ರಕ್ತಕ್ಕಿಂತ ಕಡಿಮೆ. ನೀರು ಜಾಸ್ತಿ ಹೋಗುತ್ತದೆ, ಉಳಿದ ರಕ್ತ ಉಪ್ಪಾಗುತ್ತದೆ, ಮೆದುಳು "ನೀರು ಕುಡಿ" ಅನ್ನುತ್ತದೆ. ಕುದುರೆ ಬೆವರಿನಲ್ಲಿ ಉಪ್ಪು ರಕ್ತದಷ್ಟೇ ಇರುತ್ತದೆ, ಕೆಲವೊಮ್ಮೆ ಜಾಸ್ತಿ. ನೀರೂ ಉಪ್ಪೂ ಒಟ್ಟಿಗೇ ಹೊರಟುಹೋಗುವುದರಿಂದ ರಕ್ತ ಉಪ್ಪಾಗುವುದೇ ಇಲ್ಲ. ಬಾಯಾರಿಕೆಯ ಗಂಟೆ ಬಾರಿಸುವವರೇ ಇಲ್ಲದಂತೆ. ಸವಾರರೇ, ನಿಮ್ಮ ಕುದುರೆ ತಲೆ ಎತ್ತಿದ್ದು ಇದೇ ಕಾರಣಕ್ಕೆ ಇರಬಹುದು. ಅವಳಿಗೆ ನೀರು ಬೇಕು, ಬೇಕು ಅಂತ ಅವಳಿಗೇ ಗೊತ್ತಿಲ್ಲ. ನೊರೆ ನೋಡಿ ಗಾಬರಿ ಬೇಡ. ಕುದುರೆ ಬೆವರಿನಲ್ಲಿ ಲ್ಯಾಥರಿನ್ ಅನ್ನೋ ಪ್ರೋಟೀನ್ ಇದೆ, ಜೀನು ಉಜ್ಜಿದ ಕಡೆ ಸೋಪಿನ ಹಾಗೆ ನೊರೆ ಏಳುತ್ತದೆ.

ಈಗ ಓಆರ್‌ಎಸ್ ಲೆಕ್ಕ. ಲೀಟರಿನ ಪ್ಯಾಕೆಟ್ 20.5 ಗ್ರಾಂ. ಅದರಲ್ಲಿ 13.5 ಗ್ರಾಂ ಗ್ಲೂಕೋಸೇ. ಲವಣ ಅಂತ ಉಳಿಯುವುದು 7 ಗ್ರಾಂ. ಕುದುರೆಯ ಒಂದು ಲೀಟರ್ ಬೆವರಿನಲ್ಲಿ ಸೋಡಿಯಂ, ಕ್ಲೋರೈಡ್, ಪೊಟ್ಯಾಸಿಯಂ ಸೇರಿ ಹತ್ತು ಗ್ರಾಂ ಹತ್ತಿರ ಇರುತ್ತದೆ. ಬಿಸಿಲಲ್ಲಿ ಜೋರಾಗಿ ಓಡಿದ ದೊಡ್ಡ ಕುದುರೆ ತಾಸಿಗೆ 10 ಲೀಟರ್ ಮೇಲೂ ಬೆವರುತ್ತದೆ. ಓಟಗಾರರ ಹತ್ತು ಪ್ಯಾಕೆಟ್ ಒಂದು ತಾಸಿಗೂ ಸಾಲದು. ಸೋಡಾ ಅಂತೂ ಬೇಡವೇ ಬೇಡ. ಬೆವರಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಹೋಗುವುದು ಕ್ಲೋರೈಡ್. ಅದು ಹೋದರೆ ರಕ್ತ ಕ್ಷಾರದ ಕಡೆ ವಾಲುತ್ತದೆ, ಸೋಡಾ ಅದನ್ನು ಇನ್ನೂ ಅತ್ತ ತಳ್ಳುತ್ತದೆ. ರೇಸಿನಲ್ಲಿ ಸೋಡಾ ಕುಡಿಸಿದ್ದಾರಾ ಅಂತ ರಕ್ತ ಪರೀಕ್ಷೆಯನ್ನೇ ಮಾಡುತ್ತಾರೆ.

ಟಾಂಗಾದವರ ಅಜ್ಜ ಮಾಡಿದ್ದು ಸರಿ. ಉಪ್ಪು ನೀರಿನ ಜೊತೆಗೇ ಒಳಗೆ ಹೋಗುತ್ತಿತ್ತು, ಗುಟ್ಟು ಅಲ್ಲೇ ಇದೆ.

ನಾನು ಹೇಳುವ ಅಳತೆ ಹೀಗೆ. ಅಡುಗೆ ಉಪ್ಪು ಎರಡು ಪಾಲು, ಪೊಟ್ಯಾಸಿಯಂ ಕ್ಲೋರೈಡ್ ಒಂದು ಪಾಲು. ನಿಮ್ಮ ಕುದುರೆಯ ತೂಕಕ್ಕೆ ಸವಾರಿಯ ಒಂದೊಂದು ಸುತ್ತಿಗೂ 30 ಗ್ರಾಂ ಮಿಶ್ರಣದಿಂದ ಶುರು ಮಾಡಿ. ಒದ್ದೆ ಬೂಸಾದಲ್ಲಿ ಕಲಸಿ, ಪಕ್ಕದಲ್ಲೇ ಸಾದಾ ನೀರು ಇರಲಿ. ಮನೆಯಲ್ಲಿ ಅಭ್ಯಾಸ ಮಾಡಿಸದೆ ಸವಾರಿಯ ದಿನವೇ ಹೊಸದಾಗಿ ಕೊಡಬೇಡಿ. ಮುಂಚಿನ ದಿನ ಒಟ್ಟಿಗೆ ಜಾಸ್ತಿ ತುಂಬಿಸಿಟ್ಟರೂ ಉಪಯೋಗವಿಲ್ಲ, ಕುದುರೆ ಅದನ್ನು ಕೂಡಿಡುವುದಿಲ್ಲ, ಮೂತ್ರದಲ್ಲಿ ಹೋಗುತ್ತದೆ. ಉಳಿದ ದಿನ ತಿಂಡಿಯಲ್ಲಿ ಒಂದು ದೊಡ್ಡ ಚಮಚ ಉಪ್ಪು, ಇಡೀ ದಿನ ಮೇವು. ಪೊಟ್ಯಾಸಿಯಂ ಮೇವಿನಲ್ಲೇ ಸಾಕಷ್ಟಿದೆ.

ಇದನ್ನು ಮಾತ್ರ ಮರೀಬೇಡಿ. ನೀರು ಮುಟ್ಟದೆ ಒಣಗಿ ನಿಂತ ಕುದುರೆಯ ಬಾಯಿಗೆ ಗಟ್ಟಿ ಉಪ್ಪಿನ ಪೇಸ್ಟ್ ಸಿರಿಂಜಿನಿಂದ ಹಾಕಬಾರದು. ಉಪ್ಪು ರಕ್ತದಲ್ಲಿದ್ದ ನೀರನ್ನೂ ಕರುಳಿಗೆ ಎಳೆದುಕೊಳ್ಳುತ್ತದೆ. ಹೊಟ್ಟೆಯಲ್ಲಿ ಹುಣ್ಣಿದ್ದರೆ ಅದೂ ಕೆರಳುತ್ತದೆ. ಮೊದಲು ವಸಡು ಒತ್ತಿ ಬಿಡಿ. ಬಿಳಿಚಿಕೊಂಡ ಜಾಗ ಎರಡು ಸೆಕೆಂಡಿನೊಳಗೆ ಕೆಂಪಾಗಬೇಕು. ಪಕ್ಕೆಗೆ ಕಿವಿ ಹಚ್ಚಿ, ಕರುಳಿನ ಗುಡುಗುಡು ಕೇಳಬೇಕು. ಎದೆಬಡಿತ ವಿಶ್ರಾಂತಿ ಸಿಕ್ಕಮೇಲೆ 64ರ ಕೆಳಗೆ ಇಳಿಯಬೇಕು. ಇವು ಸರಿ ಇಲ್ಲದಿದ್ದರೆ ಅಲ್ಲಿಗೇ ಸವಾರಿ ನಿಲ್ಲಿಸಿ, ಡಾಕ್ಟ್ರನ್ನು ಕರೆಸಿ.

ಎದೆ ಬಡಿದಂತೆಲ್ಲ ಪಕ್ಕೆಯೂ ತಟಕ್ ತಟಕ್ ಅಂತ ಹಾರುವುದು ಕಂಡರೆ, ಬಿಕ್ಕಳಿಕೆ ಅಂತ ನಗಬೇಡಿ. ಅದನ್ನು ಥಂಪ್ಸ್ ಅನ್ನುತ್ತಾರೆ. ಕ್ಯಾಲ್ಸಿಯಂ, ಕ್ಲೋರೈಡ್ ಇಳಿದಾಗ ವಪೆಯ (ಎದೆ, ಹೊಟ್ಟೆಯ ನಡುವೆ ಇರುವ ಉಸಿರಾಟದ ಸ್ನಾಯು) ನರ ಎದೆಬಡಿತದ ತಾಳ ಹಿಡಿಯುತ್ತದೆ. ಹಾಲುಜ್ವರಕ್ಕೆ ಎಮ್ಮೆಗೆ ಹಾಕುವ ಕ್ಯಾಲ್ಸಿಯಂ ಬಾಟ್ಲಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇರುತ್ತದೆ. ಅದನ್ನು ನೀವೇ ಏರಿಸಲು ಹೋಗಬೇಡಿ. ಬೇಗ ಹೋದರೆ ಎದೆಯೇ ನಿಲ್ಲುತ್ತದೆ. ಇನ್ನೊಂದು ಮಾತು. ವರ್ಷವಿಡೀ ಬರೀ ಕ್ಯಾಲ್ಸಿಯಂ ತುಂಬಿದ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ತಿಂದ ಕುದುರೆಗೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ರೂಢಿ ತಪ್ಪಿರುತ್ತದೆ. ಹೆಸರು ಕುದುರೆದೇ ಆದರೂ ಹುಲ್ಲು ಜಾಸ್ತಿ, ಮಸಾಲೆ ಕಡಿಮೆ ಇರಲಿ.

ಶರ್ಯತ್ತಿನ ಹುಡುಗ (ಹಾವೇರಿ):
ಡಾಕ್ಟ್ರೇ, ಇದೇ ಪುಡಿ ನಮ್ಮ ಗಾಡಿ ಶರ್ಯತ್ತಿನ ಎತ್ತುಗಳಿಗೂ ಕೊಡಬಹುದಾ?

ಕೆಲಗೇರಿ ಸವಾರ (ಧಾರವಾಡ):
ತುಂಬಾ ಥ್ಯಾಂಕ್ಸ್ ಸರ್. ಎರಡು ಪ್ರಶ್ನೆ ಉಳಿದವು. ಪೊಟ್ಯಾಸಿಯಂ ಕ್ಲೋರೈಡ್ ಅಂದ್ರೆ ಗೊಬ್ಬರದ ಅಂಗಡಿಯ ಪೊಟ್ಯಾಷ್ ತಾನೇ? ಅದು ಮನೆಯಲ್ಲೇ ಒಂದು ಚೀಲ ಇದೆ. ಮತ್ತೆ ಬೂಸಾನೂ ಮುಟ್ಟದಿದ್ದರೆ ಏನು ಮಾಡಲಿ?

ದನದ ಡಾಕ್ಟ್ರು (ಗದಗ):
ಹೆಸರು ಅದೇ, ಮಾಲು ಬೇರೆ. ಗೊಬ್ಬರವನ್ನು ಹೊಲಕ್ಕೆ ಅಂತ ಮಾಡಿರುತ್ತಾರೆ, ತಿನ್ನುವಷ್ಟು ಶುದ್ಧ ಇರುವುದಿಲ್ಲ. ಕೆಂಪಿದ್ದರೂ ಬೇಡ, ಬಿಳಿ ಇದ್ದರೂ ಬೇಡ. ತಿನ್ನುವ ದರ್ಜೆಯದು ಸಿಗದಿದ್ದರೆ ಬರೀ ಅಡುಗೆ ಉಪ್ಪು ಹಾಕಿ, ಮೇವು ಚೆನ್ನಾಗಿ ತಿನ್ನಿಸಿ. 40 ಕಿ.ಮೀ.ಗೆ ಅಷ್ಟು ಸಾಕು.

ಬೂಸಾ ಬೇಡ ಅಂದ್ರೆ ಎರಡು ಬಕೆಟ್ ಇಡಿ. ಒಂದರಲ್ಲಿ 10 ಲೀಟರ್ ನೀರಿಗೆ 90 ಗ್ರಾಂ ಉಪ್ಪು, ಇನ್ನೊಂದು ಸಾದಾ. ಓಡಿ ಬಂದ ತಕ್ಷಣ ಉಪ್ಪಿನದು, ಸ್ವಲ್ಪ ಹೊತ್ತಿಗೆ ಸಾದಾ. ಮೊದಲು ಉಪ್ಪುನೀರು ಕುಡಿದ ಕುದುರೆಗಳು ಒಟ್ಟಿನಲ್ಲಿ ಜಾಸ್ತಿ ನೀರು ಕುಡಿಯುತ್ತವೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ಮುಟ್ಟದಿದ್ದರೆ ಬಲವಂತ ಬೇಡ, ಸಾದಾ ನೀರೇ ಕುಡಿಯಲಿ. ಹತ್ತಿರದ ಎಪಿಎಂಸಿ ವೇಬ್ರಿಜ್‌ನಲ್ಲಿ ಸವಾರಿಗೆ ಮುಂಚೆ, ಆಮೇಲೆ ತೂಗಿಸಿ, ಎಷ್ಟು ನೀರು ಹೋಯಿತು ಅಂತ ಅಂದಾಜು ಸಿಗುತ್ತದೆ. ಆ ಕಾಟಾ ಸ್ವಲ್ಪ ಹಿಂದೆಮುಂದೆ ತೋರಿಸಬಹುದು, ಆದರೂ ತೂಕ ತುಂಬಾ ಇಳಿದರೆ ಗೊತ್ತಾಗುತ್ತದೆ.

ಹಾವೇರಿ ತಮ್ಮಾ, ಎತ್ತಿಗೆ ಇದು ಬೇಡ. ಅದರ ಬೆವರಿನಲ್ಲಿ ಉಪ್ಪು ಕಡಿಮೆ, ನಿಮ್ಮ ಓಟವೂ ಕೆಲವೇ ನಿಮಿಷದ್ದು. ನೆರಳು, ನೀರು, ಕೊಟ್ಟಿಗೆಯಲ್ಲಿ ನೆಕ್ಕಲು ಒಂದು ಉಪ್ಪಿನ ಗಡ್ಡೆ ಇದ್ದರೆ ಆಯ್ತು.