ವಿಯೆಟ್ನಾಂ ಯುದ್ಧಕಾಲದ ಮೂರು ತಲೆಮಾರಿನ ಹೆಂಗಸರ ಕಾದಂಬರಿ: ಕರಡಿನಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ?

ಅಂಚಿನಪುಟ:

ನಮಸ್ಕಾರ. ವಿಯೆಟ್ನಾಂನ ಒಂದೇ ಮನೆಯ ಹೆಂಗಸರನ್ನಿಟ್ಟುಕೊಂಡು ಬರೆಯುತ್ತಿರುವ ಕಾದಂಬರಿಯ ಮೊದಲ ಕರಡು ತಯಾರಿದೆ. ಅಜ್ಜಿ 1912ರಲ್ಲಿ ಹುಟ್ಟಿದವಳು, ಉತ್ತರದ ಥಾಯ್ ಬಿನ್ ಪ್ರಾಂತ್ಯದ ಹಳ್ಳಿಯವಳು, ಒಂದಿಷ್ಟು ಗದ್ದೆ ಇದ್ದ ವಿಧವೆ. ದೊಡ್ಡ ಮಗಳು ಹನೋಯ್‌ನಲ್ಲಿ ಸರ್ಕಾರಿ ಕಚೇರಿ ನೌಕರಳು. ಚಿಕ್ಕವಳ ಗಂಡ ಫ್ರೆಂಚರ ಕಡೆಯ ಸೈನ್ಯದಲ್ಲಿದ್ದವನು, ಇಬ್ಬರೂ 1954ರಲ್ಲಿ ಸೈಗಾನ್‌ಗೆ ಹೋಗುತ್ತಾರೆ. ದೊಡ್ಡವಳಿಗೆ 1951ರಲ್ಲಿ ಹುಟ್ಟಿದ ಮಗ, 1961ರಲ್ಲಿ ಹುಟ್ಟಿದ ಮಗಳು. ಕಥೆ ಹೇಳುವವಳು ಈ ಮಗಳೇ.

ಈಗ ಕರಡಿನಲ್ಲಿರುವುದು ಹೀಗೆ: 1953ರಲ್ಲಿ ಅಜ್ಜಿಯ ಗದ್ದೆ ಭೂಸುಧಾರಣೆಯಲ್ಲಿ ಹೋಗುತ್ತದೆ. 1970ರ ಚಳಿಗಾಲದಲ್ಲಿ ಹನೋಯ್ ಮೇಲೆ ಬಾಂಬ್ ಬೀಳುತ್ತದೆ. ಅಕ್ಕ ತಂಗಿ 1975ರವರೆಗೆ ತಿಂಗಳಿಗೊಂದು ಕಾಗದ ಬರೆದುಕೊಳ್ಳುತ್ತಾರೆ. ದಕ್ಷಿಣದ ರಣರಂಗದಲ್ಲಿ ಮಗ ಸತ್ತ ವಾರದೊಳಗೆ ತಂತಿ ಬರುತ್ತದೆ. ಮೊಮ್ಮಗಳಿಗೆ ಅಜ್ಜಿಯ ಹೆಸರನ್ನೇ ಇಟ್ಟಿದ್ದಾರೆ. ತಿಳಿದವರು ದಾಕ್ಷಿಣ್ಯ ಇಲ್ಲದೆ ಹೇಳಿ.

ಕಡತಕೋಣೆ:

ದಾಕ್ಷಿಣ್ಯ ಬೇಡ ಅಂದಿದ್ದೀರಿ, ಹಾಗಾಗಿ ನೇರವಾಗಿ: ಐದರಲ್ಲಿ ಒಂದೂ ಈಗಿರುವ ಹಾಗೆ ನಿಲ್ಲುವುದಿಲ್ಲ. ಆದರೆ ಐದನ್ನೂ ಉಳಿಸಿಕೊಳ್ಳಬಹುದು, ಕಥೆ ಗಟ್ಟಿಯೇ ಆಗುತ್ತದೆ.

ಮೊದಲು ಬಾಂಬ್. ಉತ್ತರದ ಮೇಲೆ ಅಮೆರಿಕದ ನಿರಂತರ ದಾಳಿ ನಡೆದದ್ದು 1965ರ ಮಾರ್ಚ್‌ನಿಂದ 1968ರ ಅಕ್ಟೋಬರ್ ಕೊನೆಯವರೆಗೆ. ಹನೋಯ್ ಅಂಚಿನ ತೈಲ ಸಂಗ್ರಹಾಗಾರಗಳಿಗೆ ಹೊಡೆದದ್ದು 1966ರ ಜೂನ್‌ನಲ್ಲಿ. 1968ರಲ್ಲಿ ದಾಳಿ ನಿಂತ ಮೇಲೆ 1972ರ ಏಪ್ರಿಲ್‌ವರೆಗೆ ಹನೋಯ್ ನಗರಕ್ಕೆ ಬಿಡುವು. 1970ರ ಚಳಿಗಾಲ ಬೀಳುವುದು ಸರಿಯಾಗಿ ಈ ಬಿಡುವಿನ ನಡುವೆ. ಹಳ್ಳಿಗೆ ಕಳಿಸಿದ್ದ ಎಷ್ಟೋ ಮಕ್ಕಳು ಮನೆಗೆ ವಾಪಸಾಗಿದ್ದ ಕಾಲ ಅದು. ನಿಮ್ಮ ಅಧ್ಯಾಯ 1972ರ ಡಿಸೆಂಬರ್‌ಗೆ ಹೋಗಬೇಕು. 18ರಿಂದ 29ರವರೆಗೆ ಬಿ-52 ವಿಮಾನಗಳು ಬಂದವು. 22ಕ್ಕೆ ಬಾಕ್ ಮಾಯ್ ಆಸ್ಪತ್ರೆಗೆ ಬಿತ್ತು, 25ಕ್ಕೆ ದಾಳಿ ಇಲ್ಲ, 26ರ ರಾತ್ರಿ ಖಾಮ್ ಥಿಯೆನ್ ಬೀದಿ ನೆಲಸಮ. ಆಗ ನಿಮ್ಮ ಹುಡುಗಿಗೆ ಹನ್ನೊಂದು ವರ್ಷ, ನೋಡಿದ್ದನ್ನು ಹೇಳಬಲ್ಲ ವಯಸ್ಸು.

ಆದರೆ ಅವಳು ಆ ರಾತ್ರಿ ನಗರದಲ್ಲಿ ಇರುವುದಕ್ಕೆ ಕಾರಣ ಬೇಕು. ಮಕ್ಕಳನ್ನು ಹಳ್ಳಿಗಳಿಗೆ ಕಳಿಸಿಬಿಡುತ್ತಿದ್ದರು, ತಾಯಂದಿರು ಕೆಲಸಕ್ಕೆಂದು ನಗರದಲ್ಲೇ ಉಳಿದು, ರಜೆ ಸಿಕ್ಕಾಗ ಸೈಕಲ್ ಮೇಲೆ ಅಕ್ಕಿ, ಹುರಿದ ಉಪ್ಪು-ಎಳ್ಳು ಕಟ್ಟಿಕೊಂಡು ಹೋಗಿ ನೋಡಿ ಬರುತ್ತಿದ್ದರು. 25ರ ಬಿಡುವನ್ನು ನಂಬಿ ತಾಯಿ ಮಗಳನ್ನು ಒಂದು ದಿನಕ್ಕೆ ಕರೆತಂದಳು ಅಂತ ಮಾಡಿದರೆ ಸಾಕು, ಬೇರೆ ಯಾವ ಕಾಕತಾಳೀಯವೂ ಬೇಡ.

ಆ ದೃಶ್ಯಕ್ಕೆ ಬೇಕಾದ ವಸ್ತುಗಳು ಇವು. ಪಾದಚಾರಿ ದಾರಿಯುದ್ದಕ್ಕೂ ನೆಲದಲ್ಲಿ ಹೂತ ಸಿಮೆಂಟ್ ಕೊಳವೆಗಳು, ಒಬ್ಬೊಬ್ಬರೇ ಇಳಿದು ಮೇಲೆ ಮುಚ್ಚಳ ಎಳೆದುಕೊಳ್ಳುವಂಥವು. ಮಳೆ ಬಂದರೆ ತಳದಲ್ಲಿ ನೀರು. ಶಾಲೆಯ ಮಕ್ಕಳಿಗೆ ದಪ್ಪಗೆ ಹೆಣೆದ ಹುಲ್ಲಿನ ಟೊಪ್ಪಿ, ಬಾಂಬಿನ ಚೂರು ತಲೆಗೆ ಬಡಿಯದಿರಲಿ ಎಂದು. ಬೀದಿ ಧ್ವನಿವರ್ಧಕದಲ್ಲಿ ಹೆಣ್ಣುದನಿ ವಿಮಾನಗಳು ಹನೋಯ್‌ಗೆ ಎಷ್ಟು ಕಿಲೋಮೀಟರ್ ದೂರದಲ್ಲಿವೆ ಎಂದು ಇಳಿಸುತ್ತಾ ಹೇಳುತ್ತದೆ, ಆಮೇಲೆ ಸೈರನ್. ಈ ಕ್ರಮ ತಪ್ಪಿಸಬೇಡಿ. ಮೊದಲೇ ಸೈರನ್ ಕೂಗಿಸಿದರೆ ದೂರ ಎಣಿಸುವ ಆ ನಿಮಿಷಗಳು ಕೈತಪ್ಪುತ್ತವೆ. ಮಗು ಚಪ್ಪಲಿ ಹುಡುಕುವುದು, ತಾಯಿ ಸೀಮೆಎಣ್ಣೆ ಒಲೆ ಆರಿಸುವುದು, ಅಕ್ಕಿ ಪುಸ್ತಕ ಎದೆಗೆ ಸಿಕ್ಕಿಸಿಕೊಳ್ಳುವುದು ಎಲ್ಲ ನಡೆಯುವುದು ಅಲ್ಲೇ.

ಅಕ್ಕಿ ಪುಸ್ತಕ ಅಂದೆ. ನಿಮ್ಮ ಕರಡಿನಲ್ಲಿ ರೇಷನ್ನಿನ ಸುದ್ದಿಯೇ ಇಲ್ಲದಿದ್ದರೆ ಹನೋಯ್ ಭಾಗ ಪೂರ್ತಿ ಟೊಳ್ಳು. ಕಚೇರಿ ನೌಕರರಿಗೆ ತಿಂಗಳಿಗೆ ಸುಮಾರು 13 ಕಿಲೋ ಅಕ್ಕಿ, ಭಾರದ ಕೆಲಸ ಮಾಡುವವರಿಗೆ 21 ಕಿಲೋ ಆಸುಪಾಸು. ಅದರಲ್ಲೂ ಒಂದು ಪಾಲು ಅಕ್ಕಿಯ ಬದಲು ಗೋಧಿಹಿಟ್ಟು, ಜೋಳ, ಗೆಣಸು. ಮಾಂಸ ಗ್ರಾಂ ಲೆಕ್ಕದ ಚೀಟಿಗೆ, ಬಟ್ಟೆ ವರ್ಷಕ್ಕೆ ನಾಲ್ಕೈದು ಮೀಟರ್. ಚೀಟಿ ಸಿಗುವುದು ಮನೆಯ ನೋಂದಣಿ ಪುಸ್ತಕದಲ್ಲಿ ಹೆಸರಿದ್ದರೆ ಮಾತ್ರ. ಹಾಗಾಗಿ ಅಜ್ಜಿ ಹಳ್ಳಿಯಿಂದ ಬಂದು ಮಗಳ ಮನೆಯಲ್ಲಿ ವರ್ಷಗಟ್ಟಲೆ ಇದ್ದರೆ ಅವಳ ಊಟ ಉಳಿದವರ ಪಾಲಿನಿಂದಲೇ ಬರಬೇಕು. ಇದನ್ನು ಒಂದು ಸಾಲಿನಲ್ಲೂ ಹೇಳಬಹುದು, ಇಡೀ ಅಧ್ಯಾಯಕ್ಕೂ ಇದು ಸಾಕು. ಸರದಿ ಹಿಡಿಯಲು ಬೆಳಗಿನ ಜಾವ ಇಟ್ಟಿಗೆಯನ್ನೋ ಹಳೇ ಬುಟ್ಟಿಯನ್ನೋ ಸಾಲಿನಲ್ಲಿಟ್ಟು ಬರುತ್ತಿದ್ದರು. ಅಕ್ಕಿ ಪುಸ್ತಕ ಕಳೆದುಕೊಂಡವನ ಮುಖ ಅನ್ನುವುದು ಅಲ್ಲಿ ಗಾದೆಯೇ ಆಗಿಹೋಗಿದೆ.

ಇನ್ನು ಗದ್ದೆ. ಭೂಸುಧಾರಣೆ ಕಾಯ್ದೆ 1953ರ ಡಿಸೆಂಬರ್‌ನದ್ದು ನಿಜ. ಆದರೆ ಕೆಂಪು ನದಿ ಮುಖಜಭೂಮಿಯ ಬಹುಭಾಗ 1954ರವರೆಗೆ ಫ್ರೆಂಚರ ಹಿಡಿತದಲ್ಲಿತ್ತು. ಫ್ರೆಂಚರ ವಿರುದ್ಧ ಹೋರಾಡುತ್ತಿದ್ದ ಕಮ್ಯುನಿಸ್ಟ್ ನೇತೃತ್ವದ ವಿಯೆಟ್ ಮಿನ್ ಸಂಘಟನೆಯ ತಂಡ 1953ರಲ್ಲಿ ಥಾಯ್ ಬಿನ್‌ಗೆ ಬಂದು ಗದ್ದೆ ಹಂಚುವುದು ಸಾಧ್ಯವಿಲ್ಲ. ನಿಮ್ಮ ಅಜ್ಜಿಯ ಸರದಿ 1955–56. ಹೊರಗಿನಿಂದ ಬಂದ ತಂಡ ಊರವರನ್ನು ಜಮೀನ್ದಾರ, ಶ್ರೀಮಂತ ರೈತ, ಮಧ್ಯಮ ರೈತ, ಬಡ ರೈತ, ಕೂಲಿ ಎಂದು ವಿಂಗಡಿಸುತ್ತದೆ. ತಾನೇ ಗದ್ದೆಗೆ ಇಳಿದು ದುಡಿಯುತ್ತಾಳೋ ಇಲ್ಲವೋ ಅನ್ನುವುದು ದೊಡ್ಡ ಪ್ರಶ್ನೆ. ಆಳಿಟ್ಟು ಉಳುಮೆ ಮಾಡಿಸಿದ ವಿಧವೆಗೆ ಉತ್ತರ ಕಷ್ಟ. ಬಹಿರಂಗ ಸಭೆಯಲ್ಲಿ ಅವಳ ವಿರುದ್ಧ ಮಾತಾಡುವವರು ಅವಳ ಮನೆಯ ಆಳುಗಳು, ಅವಳಿಂದ ಸಾಲ ಪಡೆದವರು, ಕೆಲವೊಮ್ಮೆ ನೆಂಟರು. 1956ರ ಶರತ್ಕಾಲದಲ್ಲಿ ಆಳುವ ಕಮ್ಯುನಿಸ್ಟ್ ಪಕ್ಷವೇ ತಪ್ಪು ಒಪ್ಪಿಕೊಂಡು ಚುವೊಂಗ್ ಚಿನ್ ಪ್ರಧಾನ ಕಾರ್ಯದರ್ಶಿ ಸ್ಥಾನ ಬಿಟ್ಟರು, ಅನೇಕರ ವರ್ಗ ತಿದ್ದಿದರು. ಅಂದರೆ ಬೈದವರೂ ಬೈಸಿಕೊಂಡವರೂ ಮತ್ತೆ ಒಂದೇ ಕೆರೆ ದಂಡೆಯಲ್ಲಿ ಬಟ್ಟೆ ಒಗೆಯಬೇಕು. ಬರೆಯಬೇಕಾದ್ದು ಇದು, ಸಭೆಯಲ್ಲ. ಸಭೆಯನ್ನು ಎಲ್ಲರೂ ಬರೆಯುತ್ತಾರೆ.

ಅಂದಹಾಗೆ ಥಾಯ್ ಬಿನ್ ಅಂದಮೇಲೆ 1945ರ ಕ್ಷಾಮ ಬಿಡುವ ಹಾಗಿಲ್ಲ. ಅತಿ ಹೆಚ್ಚು ಸಾವು ಕಂಡ ಪ್ರಾಂತ್ಯಗಳಲ್ಲಿ ಅದೂ ಒಂದು. ಭತ್ತದ ಕಡ್ಡಾಯ ವಸೂಲಿ, ಭತ್ತದ ಜಾಗದಲ್ಲಿ ಸೆಣಬು ಬೆಳೆಸಿದ್ದು, ಪ್ರವಾಹ, ದಕ್ಷಿಣದ ಅಕ್ಕಿ ಬರದಂತೆ ಬಾಂಬಿಗೆ ತುಂಡಾದ ರೈಲುಹಳಿ, ಎಲ್ಲ ಒಟ್ಟಿಗೆ ಬಂದವು. ಸತ್ತವರ ಅಂದಾಜು ನಾಲ್ಕು ಲಕ್ಷದಿಂದ ಇಪ್ಪತ್ತು ಲಕ್ಷದವರೆಗೆ ಹರಡಿಕೊಂಡಿದೆ. ಪಾತ್ರದ ಬಾಯಲ್ಲಿ ಅಂಕಿ ಹಾಕಬೇಡಿ. ಆ ವಸಂತದಲ್ಲಿ ಅಜ್ಜಿಯ ಕಣಜದಲ್ಲಿ ಭತ್ತ ಇತ್ತೇ, ಯಾರಿಗೆ ಕೊಟ್ಟಳು, ಯಾರಿಗೆ ಇಲ್ಲವೆಂದಳು ಅನ್ನುವುದು ಹತ್ತು ವರ್ಷದ ನಂತರ ಸಭೆಯಲ್ಲಿ ಏಳಲಿ.

ನದಿಯಾಚೆ:

ಸೈಗಾನ್ ತಂಗಿಯ ಬಗ್ಗೆ ನಾನು ಹೇಳುತ್ತೇನೆ. 1954ರಲ್ಲಿ ದೇಶವನ್ನು ತಾತ್ಕಾಲಿಕವಾಗಿ ಉತ್ತರ, ದಕ್ಷಿಣ ಎಂದು ಎರಡು ಮಾಡಿದ ಜಿನೀವಾ ಒಪ್ಪಂದದ ನಂತರ ಗಡಿ ದಾಟಲು 300 ದಿನ ಕೊಟ್ಟಿದ್ದರು. ಹೊರಟದ್ದು ಹೆಚ್ಚಾಗಿ ಕ್ಯಾಥೊಲಿಕರು, ಜೊತೆಗೆ ಫ್ರೆಂಚರ ಕಡೆ ದುಡಿದವರು. ನಿಮ್ಮವಳು ಗಂಡನ ಸೈನ್ಯದ ಕಾರಣಕ್ಕೆ ಹೋಗುವುದು ಸರಿಯಿದೆ. ಹಾಯ್‌ಫಾಂಗ್‌ನಿಂದ ಹಡಗು ಹತ್ತಿಸಿ. ಎರಡು ವರ್ಷದಲ್ಲಿ ಚುನಾವಣೆ, ಆಮೇಲೆ ವಾಪಸ್ ಅನ್ನುವ ಲೆಕ್ಕ ಎರಡೂ ಕಡೆಯವರಲ್ಲಿತ್ತು. ಹಾಗಾಗಿ ಬೀಳ್ಕೊಡುಗೆಯಲ್ಲಿ ಅತ್ತು ಕರೆದು ಮಾಡಿಸಬೇಡಿ, ಅವರಿಗೆ ಇಪ್ಪತ್ತೊಂದು ವರ್ಷ ಅಂತ ಗೊತ್ತಿಲ್ಲ.

ತಿಂಗಳಿಗೊಂದು ಕಾಗದ ಅಸಾಧ್ಯ. ಉತ್ತರ ದಕ್ಷಿಣಗಳ ನಡುವೆ ಓಡಾಡಿದ್ದು ಸಣ್ಣ ಅಂಚೆ ಕಾರ್ಡ್. ಲಕೋಟೆಯಿಲ್ಲ, ಎರಡೂ ಕಡೆ ಓದುವ ಕಣ್ಣುಗಳು, ಆರೋಗ್ಯ ಮತ್ತು ಹುಟ್ಟು ಸಾವು ಬಿಟ್ಟು ಬೇರೇನೂ ಬರೆಯುವಂತಿಲ್ಲ. ಫ್ರಾನ್ಸ್‌ನಲ್ಲಿ ನೆಂಟರಿದ್ದವರು ಪ್ಯಾರಿಸ್ ಸುತ್ತಿಸಿ ಕಾಗದ ಕಳಿಸುತ್ತಿದ್ದರು. ಇನ್ನೊಂದು ತೊಡಕು: ಅಕ್ಕ ಸರ್ಕಾರಿ ನೌಕರಳು. ಅವಳ ಕೌಟುಂಬಿಕ ಹಿನ್ನೆಲೆಯ ಕಡತದಲ್ಲಿ ತಂದೆ ತಾಯಿಯ ವರ್ಗ, ಒಡಹುಟ್ಟಿದವರು ಎಲ್ಲಿದ್ದಾರೆ, ಏನು ಮಾಡುತ್ತಾರೆ ಎಲ್ಲ ತುಂಬಬೇಕು. ತಾಯಿ ಒಮ್ಮೆ ಜಮೀನ್ದಾರಳೆನಿಸಿಕೊಂಡವಳು, ತಂಗಿಯ ಗಂಡ ಶತ್ರು ಸೈನ್ಯದ ಅಧಿಕಾರಿ. ಬಡ್ತಿಯಿಂದ ಮಗಳ ಕಾಲೇಜಿನವರೆಗೆ ಈ ಎರಡು ಸಾಲು ಅಡ್ಡ ಬರುತ್ತವೆ. ತಂಗಿ ಸತ್ತಳೆಂದೇ ಅಕ್ಕ ಬರೆದುಕೊಟ್ಟಿದ್ದರೆ? ಹಾಗಾದರೆ ಕಾರ್ಡ್ ಬಂದ ದಿನವೇ ಅಪಾಯದ ದಿನ.

1968ರ ತೆಟ್ ಹಬ್ಬ, ಅಂದರೆ ಅವರ ಚಾಂದ್ರಮಾನ ಹೊಸವರ್ಷ, ಬರೆಯುತ್ತಿದ್ದರೆ ಜೋಪಾನ: ಆ ವರ್ಷ ಎರಡೂ ಕಡೆಯ ಪಂಚಾಂಗ ಬೇರೆ. ಉತ್ತರದಲ್ಲಿ ತೆಟ್ ಜನವರಿ 29, ದಕ್ಷಿಣದಲ್ಲಿ 30. ಸೈಗಾನ್ ಮೇಲೆ ದಾಳಿ ಶುರುವಾದದ್ದು 31ರ ನಸುಕಿನಲ್ಲಿ. ಇಬ್ಬರು ಸೋದರಿಯರು ಒಂದೇ ದಿನ ಹಿರಿಯರಿಗೆ ಎಡೆ ಇಟ್ಟರು ಅಂತ ಭಾವುಕವಾಗಿ ಬರೆದಿದ್ದರೆ ಹೊಡೆದುಹಾಕಿ.

ಸೈಗಾನ್ ಉತ್ತರದವರ ಕೈಸೇರಿದ ಮೇಲೆ, 1975ರ ಜೂನ್‌ನಲ್ಲಿ, ತಂಗಿಯ ಗಂಡನಿಗೆ ‘ಮರುಶಿಕ್ಷಣ’ ಶಿಬಿರಕ್ಕೆ ಹಾಜರಾಗಲು ಆದೇಶ. ಕ್ಯಾಪ್ಟನ್ ದರ್ಜೆಯವರೆಗೆ ಹತ್ತು ದಿನದ ಖರ್ಚಿಗೆ ತರಲು ಹೇಳಿದ್ದರು, ಮೇಜರ್ ಮತ್ತು ಮೇಲಿನವರಿಗೆ ಒಂದು ತಿಂಗಳದ್ದು. ಅವನ ದರ್ಜೆ ಈಗಲೇ ನಿಶ್ಚಯಿಸಿ, ಹೆಂಡತಿ ಚೀಲಕ್ಕೆ ಏನೇನು ತುಂಬುತ್ತಾಳೆ ಅನ್ನುವುದು ಅದರ ಮೇಲೆ ನಿಂತಿದೆ. ಮರಳಿದ್ದು ವರ್ಷಗಳ ನಂತರ, ಕೆಲವರು ಹದಿನೇಳು ವರ್ಷಕ್ಕೆ. ಸೆಪ್ಟೆಂಬರ್ 22ಕ್ಕೆ ನೋಟು ಬದಲು: ಹಳೆಯ 500 ಡಾಂಗ್‌ಗೆ ಹೊಸದು ಒಂದು, ಅದೂ ಮನೆಗೆ ಇಷ್ಟೇ ಎಂಬ ಮಿತಿಯಲ್ಲಿ. ನಗದು ಇಟ್ಟವಳು ಮುಳುಗಿದಳು, ಚಿನ್ನ ಇಟ್ಟವಳು ಉಸಿರಾಡಿದಳು. ಅಲ್ಲಿನ ಚಿನ್ನದ ಲೆಕ್ಕ ಲೂಂಗ್‌ನಲ್ಲಿ, ಒಂದಕ್ಕೆ 37.5 ಗ್ರಾಂ, ದೋಣಿಯಲ್ಲಿ ದೇಶ ಬಿಡುವ ದರವನ್ನೂ ಇದರಲ್ಲೇ ಮಾತಾಡುತ್ತಿದ್ದರು. ಗಂಡನನ್ನು ಉತ್ತರದ ಶಿಬಿರಕ್ಕೆ ಸಾಗಿಸಿದ್ದರೆ ಅವಳ ಪ್ರಯಾಣ ಉತ್ತರ-ದಕ್ಷಿಣ ರೈಲು ಮತ್ತೆ ಶುರುವಾದ 1976ರ ಕೊನೆಯ ನಂತರ ಇರಲಿ. ಕೆಡದ ತಿನಿಸೇ ಒಯ್ಯುತ್ತಾಳೆ: ಒಣಗಿಸಿ ಎಳೆ ಎಳೆಯಾಗಿ ಹುರಿದ ಹಂದಿಮಾಂಸ, ಒಣಮೀನು, ಉಪ್ಪು-ಎಳ್ಳು, ಔಷಧಿ. ಈ ದಾರಿಯಲ್ಲಿ ಹನೋಯ್ ಸಿಗುತ್ತದೆ. ಅಕ್ಕ ತಂಗಿಯ ಭೇಟಿಗೆ ಇದಕ್ಕಿಂತ ಸಹಜವಾದ ನೆಪ ನಿಮಗೆ ಸಿಗದು.

ಅಂಚಿನಪುಟ:

ತುಂಬಾ ಉಪಕಾರ ಆಯ್ತು ಇಬ್ಬರಿಂದಲೂ. ಮಗನ ಸಾವಿನ ಸುದ್ದಿ, ಮೊಮ್ಮಗಳ ಹೆಸರು, ಈ ಎರಡು ಉಳಿದವು. ದೇಹ ಸಿಗದಿದ್ದರೆ ವರ್ಷಾಬ್ದಿಕ ಯಾವ ದಿನ ಮಾಡುತ್ತಾರೆ?

ತಲೆಬಾಗಿಲು:

ತಂತಿಯವನು ಬಾಗಿಲು ತಟ್ಟುವುದು ಹಾಲಿವುಡ್ ಸಿನಿಮಾದ ಕ್ರಮ. ಉತ್ತರ ವಿಯೆಟ್ನಾಂನಲ್ಲಿ ಬರುತ್ತಿದ್ದದ್ದು ಮರಣ ಸೂಚನಾ ಪತ್ರ, ತರುತ್ತಿದ್ದವರು ಸ್ಥಳೀಯ ಆಡಳಿತದವರು. ಸತ್ತು ತಿಂಗಳುಗಳು, ಎಷ್ಟೋ ಸಲ ವರ್ಷಗಳೇ ಕಳೆದಿರುತ್ತಿದ್ದವು. 1975ರ ನಂತರ ಪತ್ರ ಬಂದ ಮನೆಗಳು ಬೇಕಾದಷ್ಟು. ಸ್ಥಳ ಅನ್ನುವಲ್ಲಿ ಊರಿನ ಹೆಸರು ಇರುವುದಿಲ್ಲ, ‘ದಕ್ಷಿಣದ ರಣರಂಗ’ ಅಂತ ಅಷ್ಟೇ. ಜೀವಂತ ಇದ್ದಾಗಿನ ಪತ್ರಗಳಲ್ಲೂ ವಿಳಾಸ ಬರೀ ಅಂಚೆಪೆಟ್ಟಿಗೆಯ ಸಂಖ್ಯೆ. ನಿಮ್ಮ ಹುಡುಗ 1951ರವನು, 1969–70ರಲ್ಲಿ ಹೊರಡಲಿ, 1972ರಲ್ಲಿ ಸಾಯಲಿ, ಪತ್ರ 1976ಕ್ಕೆ ಬರಲಿ. ನಡುವಿನ ವರ್ಷಗಳಲ್ಲಿ ತಾಯಿ ಅವನ ಪಾಲಿನ ಬಟ್ಟಲು ಇಡುತ್ತಾಳೋ ಇಲ್ಲವೋ ಅನ್ನುವುದು ನಿಮಗೆ ಬಿಟ್ಟದ್ದು.

ವರ್ಷಾಬ್ದಿಕ ಚಾಂದ್ರಮಾನ ತಿಥಿಗೆ. ಪತ್ರದಲ್ಲಿ ದಿನಾಂಕ ಇದ್ದರೆ ಅದನ್ನು ತಿಥಿಗೆ ಹೊಂದಿಸುತ್ತಾರೆ. ಇಲ್ಲದಿದ್ದರೆ ಮನೆ ಬಿಟ್ಟು ಹೊರಟ ದಿನವನ್ನೋ ಸುದ್ದಿ ಬಂದ ದಿನವನ್ನೋ ಹಿಡಿಯುತ್ತಾರೆ. ಮನೆಯಲ್ಲೇ ಜಗಳ ಹುಟ್ಟುವ ಜಾಗ ಇದು: ಹೊರಟ ದಿನಕ್ಕೆ ಮಾಡೋಣ ಅಂದವಳು ಅಜ್ಜಿ, ಯಾವ ದಿನಕ್ಕೂ ಬೇಡ ಅಂದವಳು ತಾಯಿ. ಹಿರಿಯರು ಕಿರಿಯರ ಪೀಠದ ಮುಂದೆ ತಲೆಬಾಗುವ ರೂಢಿ ಇಲ್ಲ, ಆದ್ದರಿಂದ ಅಗರಬತ್ತಿ ಹಚ್ಚಿ ಕೈಮುಗಿಯುವುದು ಸತ್ತವನ ತಂಗಿಯ, ಅಂದರೆ ನಿಮ್ಮ ನಿರೂಪಕಿಯ ಪಾಲಿಗೆ ಬರುತ್ತದೆ. ಗೋಡೆ ಮೇಲೆ ‘ತಾಯ್ನಾಡು ಈ ಕೊಡುಗೆಯನ್ನು ದಾಖಲಿಸುತ್ತದೆ’ ಎಂಬ ಅರ್ಥದ ಹುತಾತ್ಮರ ಪ್ರಮಾಣಪತ್ರ. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಸರ್ಕಾರ ಕೊಡುವ ವೀರಮಾತೆ ಬಿರುದನ್ನು ಮಾತ್ರ ಎಳೆದು ತರಬೇಡಿ, ಅದು 1994ರಲ್ಲಿ ಬಂದದ್ದು.

ಹೆಸರು: ಮೊಮ್ಮಗಳಿಗೆ ಅಜ್ಜಿಯ ಹೆಸರು ಇಡುವುದು ಅಲ್ಲಿ ಗೌರವವಲ್ಲ, ಅಪಚಾರ. ಹಿರಿಯರ ಹೆಸರು ಹಿಡಿದು ಮಗುವನ್ನು ಬೈಯಬೇಕಾಗುತ್ತದಲ್ಲ! ಖಂಡಿತ ಬದಲಿಸಿ. ಮದುವೆಯಾದ ಹೆಂಗಸಿಗೆ ಗಂಡನ ವಂಶನಾಮವನ್ನೂ ಅಂಟಿಸಬೇಡಿ, ತವರಿನದೇ ಉಳಿಯುತ್ತದೆ. ತಾಯಿಯ ತಾಯಿ ‘ಬಾ ನ್ಗ್ವಾಯ್’, ತಂದೆಯ ತಾಯಿ ‘ಬಾ ನೋಯ್’. ನಿಮ್ಮ ನಿರೂಪಕಿಗೆ ಈ ಅಜ್ಜಿ ಮೊದಲನೆಯವಳು. ದಕ್ಷಿಣದವರು ಚೊಚ್ಚಲ ಮಗುವನ್ನು ‘ಹಾಯ್’, ಅಂದರೆ ಎರಡನೆಯದು ಅಂತ ಕರೆಯುತ್ತಾರೆ, ಉತ್ತರದಲ್ಲಿ ಹಾಗಿಲ್ಲ. ಸೈಗಾನ್‌ನಲ್ಲಿ ನೆಲೆಸಿದ ಉತ್ತರದವಳ ಮಕ್ಕಳು ಮನೆಯೊಳಗೆ ಅಮ್ಮನಿಗೆ ‘ಮೆ’ ಅನ್ನುತ್ತಾರೆ, ಪಕ್ಕದ ಮನೆಯ ಮಕ್ಕಳ ಬಾಯಲ್ಲಿ ‘ಮಾ’. ಇಷ್ಟು ಸಾಕು, ಪುಟಪುಟಕ್ಕೂ ಬೇಡ.

ಕಡತಕೋಣೆ:

ತಲೆಬಾಗಿಲು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾವು ಕೊಟ್ಟಿದ್ದನ್ನೆಲ್ಲ ಒಂದೇ ಮನೆಗೆ ತುರುಕಬೇಡಿ. ಕ್ಷಾಮ, ಸಭೆ, ಖಾಮ್ ಥಿಯೆನ್, ಶಿಬಿರ, ದೋಣಿ ಎಲ್ಲವೂ ಇದ್ದರೆ ಅದು ಕುಟುಂಬವಲ್ಲ, ಪಠ್ಯಪುಸ್ತಕ. ನನ್ನ ಮತ ಕೇಳಿದರೆ ದೋಣಿ ಬಿಡಿ. ತಂಗಿ ಗಂಡನಿಗಾಗಿ ಕಾಯುತ್ತಾ ಅಲ್ಲೇ ಉಳಿಯುವುದಕ್ಕೆ ಕಾರಣ ಈಗಾಗಲೇ ಇದೆ. ಹಾಗೆಯೇ 1976ರ ಜುಲೈ ನಂತರ ಅವಳು ಬರೆಯುವ ಲಕೋಟೆ ಮೇಲೆ ಹೋ ಚಿ ಮಿನ್ ನಗರ ಅಂತಲೇ ಇರಬೇಕು. ಬಾಯಲ್ಲಿ ಸೈಗಾನ್ ಅನ್ನಲಿ, ಅಡ್ಡಿಯಿಲ್ಲ.