ಸಹಾಯ ಬೇಕು: ಚೊರಾವ್ ಪಕ್ಷಿಧಾಮದಲ್ಲಿ ದೋಣಿ ಹತ್ತಲು ಸರಿಯಾದ ಹೊತ್ತು ಯಾವುದು?

ಎಲ್ಲರಿಗೂ ನಮಸ್ಕಾರ. ನಾನಿರುವುದು ಗೋವಾದ ವಾಸ್ಕೋದಲ್ಲಿ. ಡಿಸೆಂಬರ್‌ನಲ್ಲಿ ಧಾರವಾಡದಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ಅಪ್ಪನಿಗೆ ಬೀಚ್ ಬೇಡವಂತೆ, ಹಕ್ಕಿ ನೋಡಬೇಕಂತೆ. ಅದಕ್ಕೇ ಚೊರಾವ್ ದ್ವೀಪದ ಸಲೀಂ ಅಲಿ ಪಕ್ಷಿಧಾಮ ಅಂದುಕೊಂಡಿದ್ದೇನೆ. ರಿಬಂದರ್‌ನಲ್ಲಿ ಫೆರ್ರಿ ಹತ್ತಿ ಮಾಂಡೋವಿ ನದಿ ದಾಟಿದರೆ ಆಯಿತು. ಜಾಗವೂ ಚಿಕ್ಕದು, 1.78 ಚದರ ಕಿಲೋಮೀಟರ್ ಅಷ್ಟೇ. ಆದರೆ ಅಮ್ಮನಿಗೆ ಮಂಡಿ ನೋವು, ನಡೆಸಲು ಆಗಲ್ಲ. ದೋಣಿಯಲ್ಲೇ ಸುತ್ತಿಸಬೇಕು.

ತೊಡಕಿರುವುದು ನೀರಿನದ್ದು. ಮೊದಲೇ ನೋಡಿಕೊಂಡು ಬರೋಣ ಅಂತ ಒಬ್ಬನೇ ಹೋಗಿದ್ದೆ. ಇಳಿತದ ಹೊತ್ತು. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ಕೆಳಗೆ ಬರೀ ಕೆಸರು. ಒಂದು ಕೈ ಮಾತ್ರ ದೊಡ್ಡದಿರುವ ಪುಟ್ಟ ಏಡಿಗಳು ಅದನ್ನೇ ಎತ್ತಿ ಎತ್ತಿ ಆಡಿಸುತ್ತಿದ್ದವು, ಬೆಳ್ಳಕ್ಕಿಗಳು ಆರಾಮಾಗಿ ಮೇಯುತ್ತಿದ್ದವು. ನೋಡಲು ಮಜಾ, ಆದರೆ ದೋಣಿ ಒಳಗಿನ ಕಾಲುವೆಗೆ ಹೋಗಲ್ಲ ಅಂದರು. ಉಬ್ಬರ ಬಂದರೆ ದೋಣಿ ಹೋಗುತ್ತದೆ, ಆದರೆ ಕೆಸರು ಮುಳುಗಿ ಹಕ್ಕಿಗಳು ಬೇರೆ ಕಡೆ ಹೋಗುತ್ತವೆ ಅಲ್ವಾ?

ಫೋನ್ ಮಾಡಿ ಕೇಳಿದರೆ ದೋಣಿಯವರೊಬ್ಬರು ಸುಮ್ನೆ "ಬೆಳಗ್ಗೆ ಬೇಗ ಬನ್ನಿ" ಅಂತಾರೆ, ಇನ್ನೊಬ್ಬರು "ನೀರು ನೋಡಿ ಬನ್ನಿ" ಅಂತಾರೆ. ಉಬ್ಬರದ ಹೊತ್ತೋ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಮೊಬೈಲ್‌ನಲ್ಲಿ ಮುರಗಾಂವ್ ಬಂದರಿನ ಉಬ್ಬರ-ಇಳಿತದ ಪಟ್ಟಿ ಸಿಕ್ಕಿದೆ. ಅದನ್ನು ಚೊರಾವ್‌ಗೆ ಹೇಗೆ ಹೊಂದಿಸುವುದು ಅನ್ನುವುದೇ ತಲೆಗೆ ಹೋಗುತ್ತಿಲ್ಲ.

ಅಲ್ಲಿ ದೋಣಿಯಲ್ಲಿ ಹೋಗಿ ಬಂದವರು ದಯವಿಟ್ಟು ಹೇಳಿ: ದೋಣಿಯೂ ಒಳಗೆ ಹೋಗಬೇಕು, ಹಕ್ಕಿಯೂ ಕಾಣಬೇಕು ಅಂದರೆ, ಪೂರ್ತಿ ಉಬ್ಬರಕ್ಕೆ ಎಷ್ಟು ಗಂಟೆ ಮೊದಲು ಅಥವಾ ನಂತರ ದೋಣಿ ಹತ್ತಬೇಕು?